ಹನ್ನೊಂದು ಪುಟದ ಅಕ್ಕ

ಕೋರ್ಟಿನಲ್ಲಿ ಅವನಿಗೆ ಬೆರಳಪ್ಪ ಅಂತಲೇ ಹೆಸರು. ಕಟಕಟೆಯಲ್ಲಿ ನಿಂತವರು ಅಳಲಿ, ತೊದಲಲಿ, ಒಂದು ಮಾತಿನ ಮೇಲೆ ಇನ್ನೊಂದು ಹೇರಲಿ, ನ್ಯಾಯಾಧೀಶರ ಪೀಠದ ಕೆಳಗೆ ಕೂತ ಅವನ ಬೆರಳುಗಳು ಒಂದಕ್ಷರ ಬಿಡದೆ ಟೈಪು ಮಾಡಿ ಮುಗಿಸುತ್ತಿದ್ದವು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಬೇರೆಯವರ ಬಾಯಿಂದ ಉದುರಿದ್ದನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದುಕೊಳ್ಳಬೇಕು. ಅದಕ್ಕೆ ಒಂದು ಮಾತು ಸೇರಿಸುವಂತಿಲ್ಲ, ಅದರಿಂದ ಒಂದು ಮಾತು ತೆಗೆಯುವಂತಿಲ್ಲ. ಕೊಲೆ, ಜಮೀನು, ವಿಚ್ಛೇದನ ಎಲ್ಲವೂ ಅವನ ಬೆರಳಿನ ತುದಿಯಿಂದ ಹಾದುಹೋಗಿದ್ದವು. ಯಾವುದೂ ಒಳಗೆ ಇಳಿದಿರಲಿಲ್ಲ. ಇಳಿದಿದ್ದರೆ ಅವನು ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂರುವುದು ಸಾಧ್ಯವೂ ಇರಲಿಲ್ಲ.

ಹೀಗಿದ್ದವನ ತಲೆಗೆ ಕಾದಂಬರಿಯ ಹುಳ ಬಿಟ್ಟದ್ದು ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಒಂದು ಹಳದಿ ಕಾಗದ. ಮೂವತ್ತು ದಿನ, ಐವತ್ತು ಸಾವಿರ ಪದ, ಒಂದು ಕಾದಂಬರಿ. ಬಹುಮಾನವಿಲ್ಲ, ತೀರ್ಪುಗಾರರಿಲ್ಲ, ಬರೆದು ಮುಗಿಸಿದರೆ ಗೆದ್ದಂತೆ. ಬೆರಳಪ್ಪ ನಿಂತಲ್ಲೇ ಲೆಕ್ಕ ಹಾಕಿದ. ಅವನ ವೇಗಕ್ಕೆ ಅದು ಮೂರು ದಿನದ ಕೆಲಸ. ಉಳಿದ ಇಪ್ಪತ್ತೇಳು ದಿನ ಏನು ಮಾಡುವುದು ಎಂದು ನಗುತ್ತಲೇ ಒಳಗೆ ಹೋಗಿ ಹೆಸರು ಬರೆಸಿಬಂದ.

ಏನು ಬರೆಯಬೇಕು ಎನ್ನುವುದರಲ್ಲಿ ಅವನಿಗೆ ಅನುಮಾನ ಇರಲಿಲ್ಲ. ಅಕ್ಕನ ಕಥೆ ಬರೆಯಬೇಕು.

ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವನಿಗೆ ಎಂಟು ತುಂಬಿದ ವರ್ಷ ಬಟ್ಟೆ ಕಾರ್ಖಾನೆಯ ಕೆಲಸಕ್ಕೆಂದು ದೂರದ ಊರಿಗೆ ಹೋದಳು. ಎರಡು ವರ್ಷ ಕಳೆದ ಮೇಲೆ ಅಲ್ಲಿಯ ಹಾಸ್ಟೆಲಿನಲ್ಲಿ ಜ್ವರ ಬಂದು ತೀರಿಕೊಂಡಳು ಎಂದು ಸುದ್ದಿ ಬಂತು. ಅಪ್ಪ ಒಬ್ಬರೇ ಹೋಗಿ, ಎಲ್ಲ ಮುಗಿಸಿ, ಅವಳ ಬಟ್ಟೆಯ ಚೀಲ ಹಿಡಿದುಕೊಂಡು ಬಂದರು. ಆಮೇಲೆ ಆ ಮನೆಯಲ್ಲಿ ಅವಳ ಮಾತು ಬರಲಿಲ್ಲ. ಅಪ್ಪ ತೀರಿಕೊಂಡು ಈಗ ಹದಿನಾರು ವರ್ಷ. ಅಮ್ಮನಿಗೆ ಎಂಬತ್ತೊಂದು, ಮಂಡಿ ಸೋತಿದೆ, ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು.

"ಬರೀರಿ, ಯಾರು ಬೇಡ ಅಂದ್ರು?" ಎಂದಳು ಹೆಂಡತಿ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಬೆಳಗ್ಗೆ ಆರೂವರೆಗೇ ಮನೆ ಬಿಡುತ್ತಿದ್ದಳು. "ಆದ್ರೆ ಅತ್ತೆಗೆ ಹೇಳ್ಬೇಡಿ. ಈ ವಯಸ್ಸಲ್ಲಿ ಅವರಿಗ್ಯಾಕೆ ಅದೆಲ್ಲ?"

ಹೇಳಲಿಲ್ಲ. ಮೊದಲ ದಿನ ಬೆಳಗ್ಗೆ ಐದಕ್ಕೆ ಎದ್ದು, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತ. ಕೂತದ್ದೇ ತಡ, ಬಂತು. ಸಂಜೆ ಮೆಟ್ಟಿಲ ಮೇಲೆ ಕೂತು ಅಕ್ಕ ಕಥೆ ಹೇಳುತ್ತಿದ್ದದ್ದು, ಕೇಳಿದ ಕಥೆಯನ್ನೇ ಮತ್ತೆ ಹೇಳು ಎಂದರೆ ಕೊನೆಯನ್ನು ಬದಲಾಯಿಸಿ ಅವನನ್ನು ರೇಗಿಸುತ್ತಿದ್ದದ್ದು. ಸೈಕಲ್ ಕಲಿಸುವಾಗ ಸೀಟು ಹಿಡಿದು ಹಿಂದೆ ಓಡಿಬರುತ್ತಾ, "ಬಿಟ್ಟಿಲ್ಲ ಕಣೋ, ಹಿಡ್ಕೊಂಡೇ ಇದ್ದೀನಿ" ಎಂದು ಯಾವಾಗಲೋ ಕೈಬಿಟ್ಟು ದೂರದಿಂದ ಕೂಗಿದ್ದು. ಬಿದ್ದು ಮಂಡಿ ಕಿತ್ತಾಗ ತನ್ನ ಬಟ್ಟೆಯ ಅಂಚಿನಿಂದಲೇ ಒರೆಸಿದ್ದು. ಅವಳ ಎರಡು ಜಡೆ, ನಕ್ಕರೆ ಕಾಣುತ್ತಿದ್ದ ಸೊಟ್ಟ ಹಲ್ಲು. ಟೈಪು ಮಾಡುತ್ತ ಮಾಡುತ್ತ ಅವನ ಕಣ್ಣು ಒದ್ದೆಯಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನ ಬೆರಳುಗಳು ಅಕ್ಷರ ತಪ್ಪಿದವು.

ಮೂರು ದಿನಕ್ಕೆ ಹನ್ನೊಂದು ಪುಟ ಆಯಿತು. ನಾಲ್ಕನೆಯ ದಿನ ಏನೂ ಬರಲಿಲ್ಲ.

ಐದನೆಯ ದಿನವೂ ಬರಲಿಲ್ಲ. ಒಂದೊಂದೇ ನೆನಪನ್ನು ಎತ್ತಿ ನೋಡಿದ, ಎಲ್ಲ ಬರೆದಾಗಿತ್ತು. ಎಂಟು ವರ್ಷದ ಮಗುವಿನ ತಲೆಯಲ್ಲಿ ಒಬ್ಬ ಅಕ್ಕ ಎಷ್ಟು ಉಳಿಯಬಹುದು? ಹನ್ನೊಂದು ಪುಟ. ಜೀವಮಾನವಿಡೀ ಎದೆಯಲ್ಲಿ ಒಂದು ದೊಡ್ಡ ಕಥೆ ಇದೆ ಎಂದುಕೊಂಡು ಓಡಾಡಿದ್ದ. ತೆಗೆದು ಮೇಜಿನ ಮೇಲೆ ಇಟ್ಟರೆ ಅದು ಒಂದು ಸಣ್ಣ ಆಸ್ತಿ ವ್ಯಾಜ್ಯದ ಫೈಲಿಗಿಂತ ತೆಳ್ಳಗಿತ್ತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಬರೆಯುವವರೆಲ್ಲ ಲೈಬ್ರರಿಯ ಮಹಡಿಯಲ್ಲಿ ಸೇರಬೇಕಿತ್ತು. ಹದಿನಾಲ್ಕು ಮಂದಿ ಇದ್ದರು. ಗೋಡೆಗೆ ಒಂದು ದೊಡ್ಡ ಪಟ್ಟಿ ಅಂಟಿಸಿ, ಪ್ರತಿಯೊಬ್ಬರಿಗೂ ಒಂದೊಂದು ಸಾಲು ಚೌಕ ಎಳೆದಿದ್ದರು ಲೈಬ್ರರಿ ಮೇಡಂ. ಸಾವಿರ ಪದಕ್ಕೊಂದು ಚೌಕ ಬಣ್ಣ ತುಂಬಬೇಕು. ಮೇಡಂ ಉತ್ಸಾಹದ ಬುಗ್ಗೆ. ದಿನಾ ಬೆಳಗ್ಗೆ ಎಲ್ಲರ ಫೋನಿಗೂ ಒಂದು ಸಂದೇಶ ಕಳಿಸುತ್ತಿದ್ದರು: ಚೆನ್ನಾಗಿ ಬರೆಯಬೇಡಿ, ಸುಮ್ಮನೆ ಬರೆಯಿರಿ. ಹಿಂತಿರುಗಿ ಓದಬೇಡಿ. ಕಾದಂಬರಿ ಬರೆಯುತ್ತಿದ್ದೇನೆ ಅಂತ ಮೂರು ಜನಕ್ಕೆ ಹೇಳಿ, ಆಗ ಬಿಡೋಕೆ ನಾಚಿಕೆ ಆಗುತ್ತೆ.

ಅದರಂತೆ ಬೆರಳಪ್ಪ ಕೋರ್ಟಿನಲ್ಲಿ ಮೂವರಿಗೆ ಹೇಳಿಯೂ ಹೇಳಿದ್ದ. ಮಧ್ಯಾಹ್ನದೊಳಗೆ ಅದು ಮೂವತ್ತು ಜನಕ್ಕೆ ಮುಟ್ಟಿ, "ಕಾದಂಬರಿಕಾರ್ರೇ, ಈ ಅಫಿಡವಿಟ್ಟಿಗೆ ಸ್ವಲ್ಪ ಶೃಂಗಾರ ಸೇರಿಸಿ ಕೊಡಿ" ಎಂದು ವಕೀಲರು ಕಾಲೆಳೆಯಲು ಶುರುಮಾಡಿದ್ದರು. ನಾಚಿಕೆಯಂತೂ ಆಯಿತು. ಬರೆಯಲು ಅದು ಸಾಲಲಿಲ್ಲ.

"ಯಾರಿಗೆ ನಿಂತುಹೋಗಿದೆ? ಕೈ ಎತ್ತಿ," ಎಂದರು ಮೇಡಂ.

ಐದಾರು ಕೈ ಮೇಲೆದ್ದವು. ಅವನ ಪಕ್ಕದಲ್ಲಿ ಕೂತಿದ್ದ ಬಸ್ ಡ್ರೈವರ್ ಎರಡೂ ಕೈ ಎತ್ತಿದ. "ನಂದು ಶುರುವೇ ಆಗಿಲ್ಲ ಮೇಡಂ. ಒಂದು ಅನುಮಾನ. 'ಮಾಡಿಕೊಂಡುಬಿಟ್ಟ' ಅಂದ್ರೆ ಒಂದು ಪದಾನೋ ಮೂರೋ?"

"ಒಂದು."

"ಬಿಡಿಸಿ ಬರೆದ್ರೆ?"

"ಬಿಡಿಸಿ ಬರೆಯೋದು ಮೋಸ."

"ಹಾಗಾದ್ರೆ ಮೋಸ ಮಾಡಿ ಕೊಂಡು ಬಿಡ್ತೀನಿ ಮೇಡಂ," ಎಂದು ಒಂದೊಂದೇ ಪದವನ್ನು ಬೆರಳು ಮಡಚಿ ಎಣಿಸಿ ತೋರಿಸಿದ. ಮಹಡಿಯೆಲ್ಲ ನಕ್ಕಿತು.

ಮೇಡಂ ಗಡಿಯಾರ ಇಟ್ಟರು. ಇಪ್ಪತ್ತು ನಿಮಿಷ ಯಾರೂ ತಲೆ ಎತ್ತಬಾರದು, ಕೈ ನಿಲ್ಲಿಸಬಾರದು, ಏನು ಬಂದರೂ ಬರೆಯುತ್ತಲೇ ಇರಬೇಕು. ಬೆರಳಪ್ಪ ಕಣ್ಣು ಮುಚ್ಚಿ ಬೆರಳುಗಳನ್ನು ಬಿಟ್ಟುಕೊಟ್ಟ. ಅವು ಓಡಿದವು. ಗಂಟೆ ಹೊಡೆದಾಗ ಉಳಿದವರದು ಇನ್ನೂರು, ಮುನ್ನೂರು ಪದ, ಅವನದು ಒಂಬೈನೂರು. ಮೇಡಂ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಬೆರಳಪ್ಪ ಪರದೆ ನೋಡಿದ.

"ಸದರಿ ದಿನದಂದು ಸಾಯಂಕಾಲ ಸುಮಾರು ನಾಲ್ಕು ಗಂಟೆ ವೇಳೆಗೆ ನನ್ನ ಅಕ್ಕಳು ಮೇಲ್ಕಂಡ ಮನೆಯಿಂದ ಹೊರಟಿದ್ದು ನಿಜ. ಆಗ್ಗೆ ನಾನು ಸ್ಥಳದಲ್ಲಿ ಹಾಜರಿದ್ದೆನು. ಆಕೆಯ ಕೈಯಲ್ಲಿ ಒಂದು ಚೀಲ ಇದ್ದಿತು. ಚೀಲದಲ್ಲಿ ಏನಿತ್ತೆಂದು ನನಗೆ ತಿಳಿದಿರುವುದಿಲ್ಲ..."

ಒಂಬೈನೂರು ಪದವೂ ಹಾಗೇ ಇದ್ದವು.

ಅಳಿಸಿಬಿಡಬೇಕೆಂದು ಕೈ ಹೋಯಿತು. ಆದರೆ ಅಷ್ಟರಲ್ಲಿ ಮೇಡಂ ಅವನ ಸಾಲಿನಲ್ಲಿ ಇನ್ನೊಂದು ಚೌಕಕ್ಕೆ ನೀಲಿ ಬಳಿದಾಗಿತ್ತು. ಹಿಂತಿರುಗಿ ಓದಬಾರದು ಅಂದಿದ್ದಾರಲ್ಲ, ಮೊದಲು ಬರೆದು ಹಾಕೋಣ, ಆಮೇಲೆ ತಿದ್ದಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಆವತ್ತಿನಿಂದ ಅದೇ ದಾರಿ ಆಯಿತು. ಬೆಳಗ್ಗೆ ಎದ್ದು ಕೂತರೆ ಸಾಕ್ಷಿಗಳು ಬರುತ್ತಿದ್ದರು. ಅಕ್ಕನ ಹಾಸ್ಟೆಲಿನ ಕಾವಲುಗಾರ, ಕಾರ್ಖಾನೆಯ ಮೇಸ್ತ್ರಿ, ಪಕ್ಕದ ಮಂಚದ ಹುಡುಗಿ ಒಬ್ಬೊಬ್ಬರಾಗಿ ಕಟಕಟೆಗೆ ಹತ್ತಿ, ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ ಎಂದು ಶುರುಮಾಡಿ, ತಮಗೆ ಏನೂ ತಿಳಿದಿಲ್ಲವೆಂದು ಹೇಳಿ ಇಳಿದುಹೋಗುತ್ತಿದ್ದರು. ಏನೂ ತಿಳಿಯದಿರುವುದನ್ನು ಎಷ್ಟು ಉದ್ದಕ್ಕೆ ಬೇಕಾದರೂ ಹೇಳಬಹುದು ಎನ್ನುವುದು ಕೋರ್ಟಿನಲ್ಲಿ ಕೂತವನಿಗೆ ಹೊಸದೇನಲ್ಲ. ದಿನಕ್ಕೆ ಎರಡು ಸಾವಿರ, ಎರಡೂವರೆ ಸಾವಿರ ಪದ ಆಯಿತು. ಹದಿನೈದನೆಯ ದಿನಕ್ಕೆ ಪಟ್ಟಿಯಲ್ಲಿ ಎಲ್ಲರಿಗಿಂತ ಉದ್ದದ ನೀಲಿ ಸಾಲು ಅವನದು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು, "ಪರವಾಗಿಲ್ವೇ!" ಎಂದು ಬೆನ್ನು ತಟ್ಟಿದಳು. ಅವನು ನಕ್ಕ. ಒಳಗೆ ಮಾತ್ರ ಒಣಹುಲ್ಲು ತುಂಬಿದಂತಿತ್ತು.

ಮೂರನೆಯ ಭಾನುವಾರ ಮಹಡಿಯಲ್ಲಿ ಆರು ಮಂದಿ ಉಳಿದಿದ್ದರು. ಬರೆದದ್ದನ್ನು ಒಂದೊಂದು ಪುಟ ಓದಿ ಎಂದರು ಮೇಡಂ. ಬೆರಳಪ್ಪ ಗಂಟಲು ಸರಿಯಿಲ್ಲವೆಂದು ಜಾರಿಕೊಂಡ. ಡ್ರೈವರ್ ಮಡಚಿ ಮಡಚಿ ಹರಿಯುವಂತಾಗಿದ್ದ ನೋಟ್‌ಬುಕ್ ತೆಗೆದು, ಬಸ್ಸಿನಲ್ಲಿ ದಿನಾ ಒಂದೇ ಸೀಟಿನಲ್ಲಿ ಕೂರುವ ಹೆಂಗಸಿನ ಬಗ್ಗೆ ಒಂದು ಪುಟ ಓದಿದ. ಅವಳು ಇಳಿಯುವ ನಿಲ್ದಾಣ ಬರುತ್ತದೆ, ಏಳುತ್ತಾಳೆ, ಬಾಗಿಲವರೆಗೆ ಬರುತ್ತಾಳೆ, ತಿರುಗಿ ಹೋಗಿ ಮತ್ತೆ ಕೂರುತ್ತಾಳೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ, ಏನೂ ಕೇಳುವುದಿಲ್ಲ. ಅಷ್ಟೇ. ಓದಿ ಮುಗಿದರೂ ಮೇಡಂ ಮುಂದಿನವರನ್ನು ಕರೆಯುವುದನ್ನೇ ಮರೆತರು.

ಮೆಟ್ಟಿಲಿಳಿಯುವಾಗ ಬೆರಳಪ್ಪ ಅವನ ತೋಳು ಹಿಡಿದುಕೊಂಡ. "ಎಷ್ಟಾಯ್ತು ಒಟ್ಟು?"

"ಒಂಬತ್ತು ಸಾವಿರ ಸಾರ್. ಬಿಡಿಸಿ ಬರೆದು." ಡ್ರೈವರ್ ಹಲ್ಲು ಕಿರಿದ. "ನಿಮ್ಮದೆಲ್ಲಿ, ನಮ್ಮದೆಲ್ಲಿ! ನಾನಿವತ್ತು ಹೇಳಿ ಹೋಗೋಣ ಅಂತಲೇ ಬಂದೆ. ಮುಂದಿನ ವಾರದಿಂದ ಬರಲ್ಲ."

"ಯಾಕೆ? ನಿಲ್ಲಿಸಬೇಡಿ ಮಾರಾಯ್ರೇ. ಅದು... ಅದು ಜೀವ ಇರೋ ಬರವಣಿಗೆ."

"ಅವಳು ಇಳೀಲಿಲ್ಲ ಅನ್ನೋವರೆಗೆ ಗೊತ್ತು ಸಾರ್ ನಂಗೆ. ಆಮೇಲೆ ಏನಾಯ್ತು ಅಂತ ಗೊತ್ತಿಲ್ಲ. ಸುಳ್ಳು ಹೇಳೋಕೆ ಕೂತ್ರೆ ಕೈ ಬರ್ತಿಲ್ಲ. ಅದೂ ಅಲ್ದೆ ನಾಳೆಯಿಂದ ಬೇರೆ ರೂಟು ಹಾಕಿದ್ದಾರೆ, ಅವಳೂ ಸಿಗಲ್ಲ." ನೋಟ್‌ಬುಕ್ಕನ್ನು ಅಂಗಿಯೊಳಗೆ ತುರುಕಿಕೊಂಡ. "ನೀವು ಮುಗಿಸಿ ಸಾರ್. ನಮ್ಮೆಲ್ಲರ ಪರವಾಗಿ."

ಆ ಮಾತು ಬೆರಳಪ್ಪನ ಬೆನ್ನಿಗೆ ಕಲ್ಲು ಕಟ್ಟಿದಂತಾಯಿತು. ಬರೆಯಬಲ್ಲವನು ಎದ್ದುಹೋದ. ಉಳಿದದ್ದು ಬೆರಳು.

ಇಪ್ಪತ್ತೆರಡನೆಯ ದಿನ ಅವನು ಕೂತ, ಸಾಕ್ಷಿಗಳೂ ಬರಲಿಲ್ಲ. ಎದುರಿಗೆ ನಲವತ್ತೊಂದು ಸಾವಿರ ಪದ ಇತ್ತು. ಅದರಲ್ಲಿ ಹನ್ನೊಂದು ಪುಟ ಬಿಟ್ಟರೆ ಉಳಿದದ್ದೆಲ್ಲ ಹೊಟ್ಟು. ಗೋಡೆ ಹಿಡಿದುಕೊಂಡು ಅಮ್ಮ ಅಡುಗೆಮನೆಗೆ ಬಂದಳು, ಎದುರಿನ ಕುರ್ಚಿಯಲ್ಲಿ ನಿಧಾನಕ್ಕೆ ಕೂತಳು.

"ಇವತ್ತು ಟಕಟಕ ಇಲ್ಲ?"

"ಇಲ್ಲಮ್ಮ."

"ಆಫೀಸಿನ ಕೆಲಸ ಮುಗೀತಾ?"

ಸುಳ್ಳು ಹೇಳುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. "ಆಫೀಸಿನದ್ದಲ್ಲ. ಅಕ್ಕನ ಬಗ್ಗೆ ಬರೀತಿದ್ದೆ. ಕಥೆ."

ಒಲೆಯ ಮೇಲಿನ ನೀರು ಕುದಿಯತೊಡಗಿತು. ಅವನು ಎದ್ದು ಆರಿಸಿ ಬಂದ. ಅಮ್ಮ ಇನ್ನೂ ಅಲ್ಲೇ ಕೂತಿದ್ದಳು.

"ಓದು," ಎಂದಳು.

ಹನ್ನೊಂದು ಪುಟ ಓದಿದ. ಮೆಟ್ಟಿಲ ಮೇಲಿನ ಕಥೆ, ಸೈಕಲ್, ಮಂಡಿಯ ಗಾಯ, ಎರಡು ಜಡೆ. ಅಮ್ಮ ಮಂಜುಗಣ್ಣನ್ನು ಅವನ ಮುಖದ ಮೇಲೆಯೇ ನಿಲ್ಲಿಸಿ, ಅಲುಗಾಡದೆ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇದು ಅವಳಲ್ಲ ಕಣೋ."

"ಏನು?"

"ಇದು ಪಕ್ಕದ ಮನೆ ಹುಡುಗಿ. ನಿನ್ನ ಎತ್ತಿ ಆಡಿಸ್ತಿದ್ಲಲ್ಲ, ಎರಡು ಜಡೆ ಹಾಕ್ಕೊಂಡು. ನಾನು ಕೆಲಸಕ್ಕೆ ಹೋಗುವಾಗ ನಿನ್ನ ಅವರ ಮನೇಲೇ ಬಿಟ್ಟು ಹೋಗ್ತಿದ್ದೆ. ಸೈಕಲ್ಲೂ ಅವರದ್ದೇ. ನಮ್ಮನೇಲಿ ಸೈಕಲ್ ಎಲ್ಲಿತ್ತು? ನೀನು ಅವಳನ್ನೂ ಅಕ್ಕ ಅಂತಿದ್ದೆ."

ಬೆರಳಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಮತ್ತೆ ಅಕ್ಕ?"

"ಅವಳು ಕೂದಲು ಕತ್ತರಿಸಿಕೊಂಡಿದ್ಲು. ನಿನ್ನ ಹತ್ರ ಬರ್ತಿರಲಿಲ್ಲ. ನೀನೂ ಅವಳನ್ನ ಕಂಡ್ರೆ ಹೆದರ್ತಿದ್ದೆ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಿದ್ಲು. ಮಾತಾಡ್ಸಿದ್ರೆ ಎದ್ದು ಹೋಗ್ತಿದ್ಲು."

"ಯಾಕಮ್ಮ? ಏನಾಗಿತ್ತು ಅವಳಿಗೆ?"

"ಗೊತ್ತಿಲ್ಲ."

"ನೀನು ಕೇಳ್ಲಿಲ್ವಾ?"

ಅಮ್ಮ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು, ಅಲ್ಲೇನಾದರೂ ಬರೆದಿದೆಯೇನೋ ಎನ್ನುವಂತೆ. "ಒಂದು ಸಲ ಏನೋ ಹೇಳೋಕೆ ಬಂದ್ಲು. ನಾನು ಪಾತ್ರೆ ತಿಕ್ತಾ ಇದ್ದೆ. ಬಂದು ಹಿಂದೆ ನಿಂತ್ಲು. ಆಮೇಲೆ ಹೇಳು, ಕೈ ಸೋಪಾಗಿದೆ ಅಂದೆ. ಸರಿ ಅಂತ ಹೋದ್ಲು. ಆಮೇಲೆ ಹೇಳ್ಲಿಲ್ಲ. ನಾನೂ ಮರ್ತೆ. ಅಷ್ಟೇ ಕಣೋ. ಅವಳ ವಿಷಯ ನಂಗೆ ಗೊತ್ತಿರೋದು ಅಷ್ಟೇ. ಹೆತ್ತೆ, ನೋಡ್ಲೇ ಇಲ್ಲ."

ಅವನು ಅವಳ ಕೈ ಹಿಡಿದುಕೊಂಡ. ಅಷ್ಟು ವರ್ಷ ಎದೆಯಲ್ಲಿ ಜೋಪಾನ ಮಾಡಿದ ಅಕ್ಕ ಅಕ್ಕನೇ ಅಲ್ಲ. ನಿಜವಾದ ಅಕ್ಕ ಗೋಡೆಗೆ ಮುಖ ಮಾಡಿ ಕೂತ ಒಂದು ಬೆನ್ನು, ಅದೂ ಅವನಿಗೆ ನೆನಪಿರಲಿಲ್ಲ. ಇನ್ನು ಯಾವ ಕಾದಂಬರಿ, ಯಾವ ಸವಾಲು?

ಕೋರ್ಟಿಗೆ ಹೊತ್ತಾಯಿತೆಂದು ಏಳುವಾಗ ಅಮ್ಮ ಅವನ ಬೆರಳು ಬಿಡಲಿಲ್ಲ.

"ಆದ್ರೂ ನೀನು ಬರೆದಿರೋದು ಚೆನ್ನಾಗಿದೆ," ಎಂದಳು. "ಹಾಗೇ ಇರ್ಲಿ. ಇನ್ನೊಂದು ಸಲ ಓದಿ ಹೋಗು."

ಓದಿದ. ಕೋರ್ಟಿಗೆ ತಡವಾಯಿತು.

ಮಾರನೆಯ ದಿನ ಅವನಿಗಿಂತ ಮೊದಲೇ ಅಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. "ಇವತ್ತು ಅವಳು ಏನು ಮಾಡ್ತಾಳೆ?" ಎಂದು ಕೇಳಿದಳು. ಮೂರು ವಾರ ಲೈಬ್ರರಿ ಮೇಡಂ ಕಳಿಸಿದ ಸಂದೇಶಗಳಲ್ಲಿ ಇಲ್ಲದ ಬಲ ಆ ಒಂದು ಪ್ರಶ್ನೆಯಲ್ಲಿತ್ತು. ಜೀವಮಾನದಲ್ಲಿ ಮೊದಲ ಸಲ ಅವನ ಕಥೆ ಕೇಳಲು ಒಬ್ಬಳು ಕಾದು ಕೂತಿದ್ದಳು. ಅವಳಿಗೆ ಬೇಕಾದದ್ದೋ, ಎಂದೂ ಇರದಿದ್ದ ಮಗಳು.

ಅವನು ಪ್ರಯತ್ನ ಪಟ್ಟ. ಅಕ್ಕ ಪೇಟೆಗೆ ಹೋಗಿ ಹಸಿರು ರಿಬ್ಬನ್ ತಂದಳು ಎಂದು ಬರೆದ. ನಾಲ್ಕು ಸಾಲು.

"ಆಮೇಲೆ?" ಎಂದಳು ಅಮ್ಮ.

ಬೆರಳುಗಳು ನಿಂತವು. ಮೂವತ್ತೊಂದು ವರ್ಷ ಯಾರೂ ಹೇಳದ ಮಾತನ್ನು ಅವು ಟೈಪು ಮಾಡಿರಲಿಲ್ಲ. ರಿಬ್ಬನ್ ಕಟ್ಟಿಕೊಂಡ ಹುಡುಗಿಯ ಹಿಂದೆ ಕೂದಲು ಕತ್ತರಿಸಿಕೊಂಡ ಇನ್ನೊಬ್ಬಳು ಬಂದು, ಏನೋ ಹೇಳಲು ನಿಂತಿದ್ದಾಳೆ ಅನ್ನಿಸುತ್ತಿತ್ತು. ಅವಳದನ್ನು ಬರೆಯೋಣವೆಂದರೆ ಅವಳು ಬಾಯಿ ಬಿಡುವುದಿಲ್ಲ. ರಿಬ್ಬನ್ನಿನ ಹುಡುಗಿಯದನ್ನು ಬರೆಯೋಣವೆಂದರೆ ಅವಳು ಅಲ್ಲಿಂದ ಕದಲುವುದಿಲ್ಲ.

"ಗೊತ್ತಿಲ್ಲಮ್ಮ."

"ಪರವಾಗಿಲ್ಲ, ನಾಳೆ ಬರಿ."

ಮರುದಿನವೂ ನಾಲ್ಕು ಸಾಲು, ಆಮೇಲೆ ಎರಡು, ಆಮೇಲೆ ಒಂದೂ ಇಲ್ಲ. ಇಪ್ಪತ್ತೇಳನೆಯ ದಿನ ಅವನು ಬೆಳಗ್ಗೆ ಏಳಲೇ ಇಲ್ಲ. ಎಚ್ಚರವಿತ್ತು, ಗೋಡೆ ಸವರಿಕೊಂಡು ಅಡುಗೆಮನೆಗೆ ಹೋದ ಅಮ್ಮನ ಹೆಜ್ಜೆ ಕೇಳಿಸಿತು. ಅವಳು ಅಲ್ಲಿ ಕಾಯುತ್ತಿರುವುದು ಗೊತ್ತಿದ್ದೂ ಹೊದಿಕೆ ಎಳೆದುಕೊಂಡು ಮಲಗಿದ.

ಕೊನೆಯ ದಿನ ಹಬ್ಬದ ರಜೆ ಬಿತ್ತು, ಆದರೂ ಮೇಡಂ ಲೈಬ್ರರಿ ತೆರೆದಿದ್ದರು. ಮಹಡಿಯಲ್ಲಿ ಮೂವರಿದ್ದರು. ಮೇಡಂ ಒಂದು ತಟ್ಟೆ ಬಿಸ್ಕತ್ತು, ಅಂದದ ಅಕ್ಷರದ ಪ್ರಮಾಣಪತ್ರ ಇಟ್ಟುಕೊಂಡಿದ್ದರು.

"ನಿಮ್ಮದು ಐವತ್ತಾಯ್ತು ತಾನೆ ಸರ್?"

"ಇಲ್ಲ ಮೇಡಂ. ನಲವತ್ತೊಂದರಲ್ಲೇ ನಿಂತಿದೆ."

"ಅಯ್ಯೋ, ನಿಮ್ಮ ವೇಗಕ್ಕೆ ಉಳಿದದ್ದು ಎಷ್ಟು ಹೊತ್ತಿನ ಮಾತು? ಇಲ್ಲೇ ಕೂತ್ಕೊಳ್ಳಿ, ಸಂಜೆವರೆಗೆ ಬಾಗಿಲು ತೆಗೆದಿರ್ತೀನಿ. ಏನಾದ್ರೂ ಬರೀರಿ, ನಾನೇನು ಓದ್ತೀನಾ? ನಿಮ್ಮ ಸಾಲೊಂದಾದ್ರೂ ಪೂರ್ತಿಯಾಗ್ಲಿ." ಅವರ ದನಿಯಲ್ಲಿ ಬೇಡಿಕೆಯಿತ್ತು. ಹದಿನಾಲ್ಕು ಸಾಲಿನಲ್ಲಿ ಒಂದೂ ಕೊನೆ ಮುಟ್ಟಿರಲಿಲ್ಲ ಎಂದು ಆಗ ಅವನಿಗೆ ಕಂಡಿತು.

ಅವರಿಗೋಸ್ಕರ ಕೂತ. ಹತ್ತು ನಿಮಿಷ ಕೀಲಿಗಳ ಮೇಲೆ ಬೆರಳಿಟ್ಟುಕೊಂಡಿದ್ದ. ಆಮೇಲೆ ಎದ್ದು, ಕ್ಷಮಿಸಿ ಮೇಡಂ ಎಂದ. ಅವರು ಪ್ರಮಾಣಪತ್ರವನ್ನು ಮಗುಚಿ ಇಟ್ಟು, "ಬಿಸ್ಕತ್ತಾದ್ರೂ ತಗೊಳ್ಳಿ" ಎಂದರು.

ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಅಮ್ಮನ ಮಾತು ಕೇಳಿಸಿತು. ರಜೆಯಾದ್ದರಿಂದ ಹೆಂಡತಿ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಇವನಿಗೆ ಸೈಕಲ್ ಕಲಿಸಿದ್ದು ನನ್ನ ಮಗಳೇ ಗೊತ್ತಾ?" ಅಮ್ಮ ಹೇಳುತ್ತಿದ್ದಳು. "ಸೀಟು ಹಿಡ್ಕೊಂಡು ಹಿಂದೆ ಹಿಂದೆ ಓಡ್ತಿದ್ಲು. ಎರಡು ಜಡೆ. ನಾನೇ ಹಾಕ್ತಿದ್ದೆ ದಿನಾ, ಅಲುಗಾಡದೆ ಕೂರ್ತಿದ್ಲು. ಎಷ್ಟು ಮಾತಾಡ್ತಿದ್ಲು ಅಂತೀಯ!"

"ಹೌದಾ ಅತ್ತೆ? ನೀವು ಒಂದಿನಾನೂ ಹೇಳಿರ್ಲಿಲ್ಲ."

"ಹೇಳ್ಬೇಕು ಅನ್ನಿಸ್ಲಿಲ್ಲ ನೋಡು," ಎಂದು ಅಮ್ಮ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿ ವರ್ಷಗಳಾಗಿದ್ದವು.

ಒಳಗೆ ಹೋಗಿ, ಅಲ್ಲಮ್ಮ, ಅದು ಅವಳಲ್ಲ ಎನ್ನಬೇಕೆಂದು ಬಾಯವರೆಗೆ ಬಂತು. ಅನ್ನಲಿಲ್ಲ. ಕೊನೆಗಾಲದಲ್ಲಿ ಮುದುಕಿಗೆ ಒಂದು ಒಳ್ಳೆಯ ಮಗಳು ಸಿಕ್ಕಿದ್ದಾಳೆ. ಕಿತ್ತುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಗೋಡೆಗೆ ಮುಖ ಮಾಡಿ ಕೂತವಳನ್ನು ನೆನೆಯುವವಳು ಈ ಭೂಮಿಯ ಮೇಲೆ ಅಮ್ಮ ಒಬ್ಬಳೇ ಇದ್ದಳು. ಈಗ ಅವಳೂ ಮರೆತಳು. ಕಾರ್ಖಾನೆ, ಹಾಸ್ಟೆಲು, ಜ್ವರ ಅಳಿಸಲಾಗದವಳನ್ನು ಅವನ ಹನ್ನೊಂದು ಪುಟ ಅಳಿಸಿಹಾಕಿತ್ತು.

ಅವನು ಅಲ್ಲೇ ನಿಂತು, ಕಣ್ಣು ಮುಚ್ಚಿ, ಅಕ್ಕನ ನಿಜವಾದ ಮುಖ ಒಂದು ಸಲವಾದರೂ ಬರಲಿ ಎಂದು ಹುಡುಕಿದ. ಕೂದಲು ಕತ್ತರಿಸಿದ ತಲೆ, ತಿರುಗಿಸಿದ ಬೆನ್ನು, ಏನಾದರೊಂದು. ಸೊಟ್ಟ ಹಲ್ಲಿನ ಹುಡುಗಿಯೇ ನಗುತ್ತ ಬಂದಳು. ಬೇರೆ ಯಾರೂ ಬರಲಿಲ್ಲ.

"ಬಂದ್ರಾ?" ಒಳಗಿಂದ ಹೆಂಡತಿ ಕೂಗಿದಳು. "ಏನಾಯ್ತು ರೀ, ಮುಗೀತಾ?"

"ಮುಗೀತು," ಎಂದ ಬೆರಳಪ್ಪ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.